ಕೊಡಗಲ್ಲಿ ಆರೋಗ್ಯಕ್ಕೆ ಅಂತ ದುಡ್ಡು ಕೊಡೋದಾದ್ರೆ ಯಾವುದಕ್ಕೆ? ಕ್ಯಾಂಪಾ, ಕಿಟ್ಟಾ, ಮಿಷನ್ನಾ, ಸಂಬಳನಾ

ರೊಬಸ್ಟಾ ಕಾಫಿಗೆ ಒಳ್ಳೇ ರೇಟು ಬಂದಾಗಿಂದ ನಮ್ ಕಡೆ ಒಂದು ಮಾತು ಜಾಸ್ತಿ ಕಿವಿಗೆ ಬೀಳ್ತಿದೆ, ಊರಿಗೆ ಏನಾದ್ರೂ ಮಾಡೋಣ, ಆರೋಗ್ಯಕ್ಕೆ ಮಾಡಿದ್ರೆ ಎಲ್ರಿಗೂ ಉಪಯೋಗ ಅಂತ. ಬೆಂಗಳೂರಲ್ಲಿ ಕೆಲಸ ಮಾಡೋ ಮಕ್ಕಳು, ದುಬೈಲಿರೋ ಭಾವ, ಹಳೇ ಕಾಲೇಜ್ ಬ್ಯಾಚಿನ ವಾಟ್ಸಾಪ್ ಗ್ರೂಪು, ಎಲ್ರಿಗೂ ಮನಸ್ಸಿದೆ, ಆದ್ರೆ ಕೊನೆಗೆ ಏನಾಗತ್ತೆ ಅಂದ್ರೆ ಒಂದು ಫ್ರೀ ಹೆಲ್ತ್ ಕ್ಯಾಂಪು, ಇಲ್ಲಾಂದ್ರೆ ದಾನಿಗಳ ಹೆಸರು ಬರೆದಿರೋ ಒಂದು ವೀಲ್‌ಚೇರು, ಅಲ್ಲಿಗೆ ಮುಗೀತು. ಹಾಗಾಗಿ ಕೈಲಿರೋ ದುಡ್ಡಿಗೆ ಯಾವ ದಾರಿ ಸರಿ ಹೋಗತ್ತೆ ಅಂತ ಒಂದೊಂದಾಗಿ ಹೋಲಿಸಿ ಬರೀತಿದೀನಿ. ನನ್ನ ಪಕ್ಷಪಾತ ಮೊದಲೇ ಹೇಳ್ಬಿಡ್ತೀನಿ, ವಸ್ತುಗಿಂತ ಮನುಷ್ಯರ ಸಂಬಳಕ್ಕೆ ಕೊಡಿ ಅನ್ನೋ ಕಡೆಯವನು ನಾನು.

ಮೊದ್ಲು ಇಲ್ಲಿ ಜನ ಯಾಕೆ ಕಾಯಿಲೆ ಬೀಳ್ತಾರೆ ಅಂತ ನೋಡ್ಬೇಕು. 2019ರ ಜೂನ್‌ನಲ್ಲಿ ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರಲ್ಲಿ ದೊಡ್ಡ ಅಭಿಯಾನ ನಡೀತು ನೆನಪಿರಬಹುದು, ಅದು ನ್ಯಾಯವಾದ ಬೇಡಿಕೆನೇ, ಮಡಿಕೇರಿಲಿ 2016ರಿಂದ ಮೆಡಿಕಲ್ ಕಾಲೇಜ್ ಇದ್ರೂ ದೊಡ್ಡ ಕೇಸ್ ಆದ್ರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರು ಇಲ್ಲಾ ಘಾಟಿ ಇಳಿದು ಮಂಗಳೂರು, ಕುಟ್ಟದ ಕಡೆಯವರಿಗಂತೂ ಮಡಿಕೇರಿಗಿಂತ ಕೇರಳದ ಮಾನಂದವಾಡಿನೇ ಹತ್ತಿರ. ಆದ್ರೆ ಆಸ್ಪತ್ರೆ ಬಾಗಿಲಿಗೆ ಬರೋಕೂ ಮುಂಚೆ ನಡೆಯೋ ಕಥೆ ಬೇರೇನೇ ಇದೆ. ತೋಟದ ಕೆಲಸಗಾರರು ಇರೋ ಲೈನ್‌ಮನೆಲಿ ಒಂದೇ ರೂಮಲ್ಲಿ ಆರು ಜನ, ಒಳಗೇ ಸೌದೆ ಒಲೆ, ಹೊಗೆ ಹೋಗೋಕೆ ಜಾಗ ಇಲ್ಲ, ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗೋದೇ ಇಲ್ಲ, ಅದೇ ತಿಂಗಳುಗಳಲ್ಲಿ ತೋಟದ ಕೆಲಸ ಕಮ್ಮಿ ಕೂಲಿ ಕಮ್ಮಿ ಹಾಗಾಗಿ ತಟ್ಟೆಲಿ ಬೇಳೆನೂ ಕಮ್ಮಿ. ಹಾಡಿಯಿಂದ, ಅಂದ್ರೆ ಆದಿವಾಸಿಗಳ ಕೇರಿಯಿಂದ, ಮೇನ್ ರೋಡಿಗೆ ನಡೀಬೇಕು, ಸಂಜೆ ಆದ್ರೆ ಆನೆ. ಡಾಕ್ಟ್ರ ಹತ್ರ ಹೋದ ದಿನ ಕೂಲಿ ಹೋಯ್ತು. ಇಷ್ಟೂ ಕಾಯಿಲೆಗೆ ಕಾರಣಾನೇ, ಇದ್ಯಾವುದಕ್ಕೂ ಡಾಕ್ಟ್ರು ಚೀಟಿ ಬರ್ಕೊಡೋಕಾಗಲ್ಲ. ಇಲ್ಲೇ ಎನ್‌ಜಿಓಗಳು ಬೇಕಾಗೋದು, ಅವ್ರ ಹಿಂದೆ ನಿಲ್ಲೋಕೆ ದಾನಿಗಳು ಬೇಕಾಗೋದು.

ಒಬ್ಬರ ಬಿಲ್ಲು ಕಟ್ಟೋದಾ, ಕಾರ್ಡ್ ಮಾಡಿಸೋದಾ

ಫೇಸ್‌ಬುಕ್ಕಲ್ಲಿ ಫೋಟೋ ಹಾಕಿ ಆಪರೇಷನ್‌ಗೆ ಸಹಾಯ ಮಾಡಿ ಅಂತ ಬರೋದು ನೋಡ್ತೀವಿ, ಪರಿಚಯದವರಾದ್ರೆ ಕೊಡಿ, ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇದು ಆಗಲ್ವಾ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಎಪಿಎಲ್‌ನವರಿಗೂ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ತನಕ ಸಿಗತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಹಾಡಿಗಳಲ್ಲಿ ಎಷ್ಟೋ ಜನರ ಹತ್ರ ರೇಷನ್ ಕಾರ್ಡೇ ಇರಲ್ಲ, ಆಧಾರಲ್ಲಿ ಹೆಸರು ಒಂದು, ಕಾರ್ಡಲ್ಲಿ ಇನ್ನೊಂದು, ತೋಟದಿಂದ ತೋಟಕ್ಕೆ ಹೋಗೋರಿಗೆ ವಿಳಾಸ ಅನ್ನೋದೇ ಇಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಎಲ್ರೂ ಅದನ್ನ ಜಾಗದ ಜಗಳ ಅಂತಷ್ಟೇ ನೋಡಿದ್ರು, ಆದ್ರೆ ಜಾಗ ಇಲ್ಲ ಅಂದ್ರೆ ವಿಳಾಸ ಇಲ್ಲ, ವಿಳಾಸ ಇಲ್ಲ ಅಂದ್ರೆ ಕಾರ್ಡ್ ಇಲ್ಲ, ಕಾರ್ಡ್ ಇಲ್ಲ ಅಂದ್ರೆ ಮೈಸೂರಲ್ಲಿ ಅಡ್ವಾನ್ಸ್ ಕಟ್ಟು ಅಂತಾರೆ. ಒಂದು ಬಿಲ್ಲು ಕಟ್ಟೋ ದುಡ್ಡಲ್ಲಿ, ಈ ಕಾಗದಪತ್ರ ಮಾಡಿಸ್ಕೊಂಡು ತಾಲೂಕು ಆಫೀಸಿಗೆ ಓಡಾಡೋ ಒಬ್ಬ ಹುಡುಗನ ಕೆಲವು ತಿಂಗಳ ಸಂಬಳ ಬರತ್ತೆ, ಆ ಹುಡುಗ ಅಷ್ಟರಲ್ಲಿ ಎಷ್ಟೋ ಮನೆಗಳಿಗೆ 5 ಲಕ್ಷದ ಬಾಗಿಲು ತೆಗೆದಿರ್ತಾನೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಕ್ಯಾಂಪು

ಜಾಸ್ತಿ ಹೇಳಲ್ಲ. ಕಣ್ಣಿನ ಪೊರೆ ಕ್ಯಾಂಪು ಒಳ್ಳೇದು, ಅಲ್ಲೇ ಪಟ್ಟಿ ಮಾಡಿ ವ್ಯಾನಲ್ಲಿ ಕರ್ಕೊಂಡೋಗಿ ಆಪರೇಷನ್ ಮಾಡಿಸಿ ವಾಪಸ್ ಬಿಡೋ ವ್ಯವಸ್ಥೆ ಇದ್ರೆ. ಹಲ್ಲಿಂದೂ ಓಕೆ. ಬಿಪಿ ಶುಗರ್ ಕ್ಯಾಂಪು ಅಂತ ಭಾನುವಾರ ಮಾಡಿ ಹತ್ತು ದಿನದ ಮಾತ್ರೆ ಕೊಟ್ಟು ಕಳ್ಸೋದಿದ್ಯಲ್ಲ, ಹನ್ನೊಂದನೇ ದಿನ ಆ ಮನುಷ್ಯ ಏನ್ ಮಾಡ್ಬೇಕು? ಆ ಊರಿನ ಆಶಾ ಕಾರ್ಯಕರ್ತೆಗೂ ಪಿಎಚ್‌ಸಿಗೂ ಪಟ್ಟಿ ಕೊಟ್ಟು ಹೋಗ್ತೀವಿ ಅಂತ ಸಂಘಟಕರು ಹೇಳಿದ್ರೆ ಮಾತ್ರ ದುಡ್ಡು ಹಾಕಿ, ಇಲ್ಲಾಂದ್ರೆ ಅದು ಶಾಮಿಯಾನದವರಿಗೂ ಊಟದವರಿಗೂ ಕೊಟ್ಟ ಹಾಗೆ.

ಆಹಾರದ ಕಿಟ್ಟು, ಇಲ್ಲಿ ಸ್ವಲ್ಪ ನಿಲ್ಲೋಣ

ಕಿಟ್ ಅಂದ ತಕ್ಷಣ ಎಲ್ರಿಗೂ ಕಂಬಳಿ, ಬಿಸ್ಕೆಟ್ಟು, ಕೋವಿಡ್ ಟೈಮಿನ ಫೋಟೋಗಳು ನೆನಪಾಗತ್ತೆ, ಅದಕ್ಕೇ ಬುದ್ಧಿವಂತರು ಮೂಗು ಮುರೀತಾರೆ. ಆದ್ರೆ ಸರಿಯಾದ ಕಡೆ ಕೊಟ್ಟ ಅಕ್ಕಿ ಬೇಳೆ ಔಷಧಿ ತರಾನೇ ಕೆಲಸ ಮಾಡತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ, ಅದೂ ನಮ್ ಪಕ್ಕದ ಮಂಗಳೂರಿನವರೇ ಮಾಡಿದ್ದು. ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಇವ್ರ ತಂಡ 2019ರಿಂದ ಜಾರ್ಖಂಡಲ್ಲಿ ಟಿಬಿ ರೋಗಿಗಳ ಮನೆಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದ್ರು. ಎರಡು ಗುಂಪು, ಎರಡರಲ್ಲೂ ರೋಗಿಗೆ ಆಹಾರ ಕೊಟ್ರು, ಆದ್ರೆ ಒಂದು ಗುಂಪಲ್ಲಿ ಮಾತ್ರ ಮನೆಯವರಿಗೂ ಕೊಟ್ರು, ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ಏನಂದ್ರೆ ಮನೆಯವರಿಗೂ ಆಹಾರ ಸಿಕ್ಕ ಕಡೆ ಹೊಸದಾಗಿ ಟಿಬಿ ಬರೋದು 39 ಪರ್ಸೆಂಟ್ ಕಮ್ಮಿ ಆಗಿತ್ತು, ಇನ್ನೊಬ್ಬರಿಗೆ ಹರಡೋ ತರದ ಟಿಬಿ 48 ಪರ್ಸೆಂಟ್ ಕಮ್ಮಿ. ಅಕ್ಕಿ ಬೇಳೆಯಿಂದ! ಲಸಿಕೆ ಮಾಡ್ಬೇಕಾದ ಕೆಲಸ ಅದು.

ಕೊಡಗಿನ ಲೈನ್‌ಮನೆಗೆ ಇದನ್ನ ತಂದು ನೋಡಿ, ಇಕ್ಕಟ್ಟು, ಹೊಗೆ, ಮಳೆಗಾಲದ ಹಸಿವು, ಮೂರೂ ಇರೋ ಕಡೆ ಒಬ್ಬರಿಗೆ ಟಿಬಿ ಬಂದ್ರೆ ಮನೆಯವರನ್ನ ಉಳ್ಸೋಕೆ ದಾನಿ ಮಾಡಬಹುದಾದ ಅಗ್ಗದ ಕೆಲಸ ಇದೇ. ಸರ್ಕಾರ ರೋಗಿಗೆ ತಿಂಗಳಿಗೆ ಕೊಡ್ತಿದ್ದ 500 ರೂಪಾಯಿನ 2024ರ ನವೆಂಬರಿಂದ 1,000 ಮಾಡಿದೆ. ಅದ್ರ ಮೇಲೆ ದಾನಿಗಳು ಸೇರ್ಕೊಳ್ಳೋಕೆ ನಿ-ಕ್ಷಯ್ ಮಿತ್ರ ಅಂತ 2022ರ ಸೆಪ್ಟೆಂಬರಿಂದ ಒಂದು ವ್ಯವಸ್ಥೆ ಇದೆ, ನೀವೊಬ್ಬರೇ ಆಗಲಿ, ಸಂಘ ಆಗಲಿ, ಕಂಪನಿ ಆಗಲಿ, ಒಪ್ಪಿಗೆ ಕೊಟ್ಟ ರೋಗಿಗಳನ್ನ ಕನಿಷ್ಠ 6 ತಿಂಗಳಿಗೆ ದತ್ತು ತಗೊಂಡ ಹಾಗೆ ಪ್ರತಿ ತಿಂಗಳು ಆಹಾರ ಕೊಡಬಹುದು. ಜಿಲ್ಲಾ ಕ್ಷಯರೋಗ ಅಧಿಕಾರಿ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ನನ್ನ ಸಲಹೆ ಏನಂದ್ರೆ ಕಿಟ್ಟು ರೋಗಿಗೆ ಅಂತ ಮಾತ್ರ ಲೆಕ್ಕ ಹಾಕ್ಬೇಡಿ, ಮನೇಲಿ ಎಷ್ಟು ತಲೆ ಇದೆ ಅಂತ ಕೇಳಿ ಕೊಡಿ, ಯಾಕಂದ್ರೆ ಐದು ಜನ ಇರೋ ಮನೆಗೆ ಒಬ್ಬನ ಊಟ ಕೊಟ್ರೆ ಅದನ್ನ ಐದು ಜನ ಹಂಚ್ಕೊಂಡು ತಿಂತಾರೆ, ತಾಯಿ ಆದವಳು ತಿನ್ನೋದೇ ಇಲ್ಲ. ಮತ್ತೆ ದಯವಿಟ್ಟು ಫೋಟೋ ಬೇಡ, ಟಿಬಿ ಅಂತ ಗೊತ್ತಾದ್ರೆ ಪಕ್ಕದ ಲೈನ್‌ಮನೆಯವರು ನೀರಿಗೂ ಬಿಡಲ್ಲ.

ಆದಿವಾಸಿ ಕುಟುಂಬಗಳಿಗೆ ಸರ್ಕಾರದಿಂದಲೇ ಮೊಟ್ಟೆ, ಬೇಳೆ, ಎಣ್ಣೆ, ಬೆಲ್ಲದ ಪೌಷ್ಟಿಕ ಕಿಟ್ಟು ಬರತ್ತೆ, ಅದು ಬರೋ ಹಾಡಿಗೆ ನೀವೂ ಅದನ್ನೇ ತಗೊಂಡೋಗಿ ಕೊಡೋದು ದಂಡ. ಶಾಲೆಗಳಲ್ಲೂ ಹಾಗೇ, ಸರ್ಕಾರ ವಾರಕ್ಕೆ 2 ದಿನ ಕೊಡ್ತಿದ್ದ ಮೊಟ್ಟೆನ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಹಾಕಿ 6 ದಿನ ಮಾಡ್ತು, ಒಂದರಿಂದ ಹತ್ತನೇ ಕ್ಲಾಸಿನ ತನಕ. ದೊಡ್ಡ ದಾನ ಅಂದ್ರೆ ಹೀಗಿರ್ಬೇಕು ಅಂತ ನನಗನ್ಸತ್ತೆ, ಹೊಸದೊಂದು ಸಂಸ್ಥೆ ಕಟ್ಟಿ ಬೋರ್ಡ್ ಹಾಕೋ ಬದಲು ಓಡ್ತಿರೋ ಬಿಸಿಯೂಟಕ್ಕೇ ಬಲ ಕೊಟ್ಟಿದ್ದು. ಹಾಗಾಗಿ ಗ್ಯಾಪ್ ಹುಡುಕಿ. ಉದಾಹರಣೆಗೆ 2023ರ ನವೆಂಬರಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಲಿ ಜೇನುಕುರುಬರಿಗೆ ಮನೆ, ರಸ್ತೆ, ಸಂಚಾರಿ ಆಸ್ಪತ್ರೆ ಅಂತ ಇದೆ, ಕರ್ನಾಟಕದಲ್ಲಿ ಆ ಪಟ್ಟಿಲಿರೋದು ಜೇನುಕುರುಬರು ಮತ್ತೆ ಕೊರಗರು ಮಾತ್ರ, ಇಲ್ಲಿನ ಇನ್ನೊಂದು ಆದಿವಾಸಿ ಸಮುದಾಯವಾದ ಯರವರು ಇಲ್ಲ. ವಿರಾಜಪೇಟೆ ಪೊನ್ನಂಪೇಟೆ ಕಡೆ ಯರವರೇ ಎಷ್ಟೊಂದು ಜನ ಇದಾರೆ ಅಂತ ತೋಟದವರಿಗೆ ನಾನು ಹೇಳ್ಬೇಕಾಗಿಲ್ಲ. ಇನ್ನು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೊಯ್ಲಿಗೆ ಬರೋರು ಯಾರ ಪಟ್ಟಿಲೂ ಇರಲ್ಲ.

ಆಂಬುಲೆನ್ಸು, ಮಿಷನ್ನು, ಕಟ್ಟಡ

ಕೊಡೋರಿಗೆ ಇದೇ ಇಷ್ಟ, ಕಣ್ಣಿಗೆ ಕಾಣತ್ತೆ, ರಿಬ್ಬನ್ ಕಟ್ ಮಾಡಬಹುದು, ಅಜ್ಜನ ಹೆಸರು ಬರೆಸಬಹುದು. ತಗೊಳ್ಳೋರಿಗೆ ಮಾತ್ರ ಮೂಗಿಗಿಂತ ಮೂಗುತಿ ಭಾರ. ಆಂಬುಲೆನ್ಸ್ ಕೊಟ್ರಿ ಸರಿ, ಡ್ರೈವರ್ ಮೂರು ಶಿಫ್ಟಿಗೆ ಯಾರು, ಡೀಸೆಲ್, ಇನ್ಶೂರೆನ್ಸು, ಎಫ್‌ಸಿ, ನಮ್ ರೋಡಲ್ಲಿ ಟೈರು? ಡಯಾಲಿಸಿಸ್ ಮಿಷನ್ ಕೊಟ್ರಿ ಸರಿ, ಟೆಕ್ನಿಷಿಯನ್, ನೀರಿನ ಪ್ಲಾಂಟು, ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟು? ಮಷಿನ್ ಕೊಡೋದಾದ್ರೆ ಕನಿಷ್ಠ ಮೂರು ವರ್ಷ ಓಡ್ಸೋ ಖರ್ಚನ್ನ ಅದ್ರ ಜೊತೇಲೇ ಕೊಡಿ, ಅಷ್ಟು ಆಗಲ್ಲ ಅಂದ್ರೆ ಚಿಕ್ಕ ಮಷಿನ್ ಕೊಡಿ. 108 ಇರೋವಾಗ ಇನ್ನೊಂದು ಆಂಬುಲೆನ್ಸಿಗಿಂತ ಹಾಡಿಯಿಂದ ಮೇನ್ ರೋಡ್ ತನಕ ತರೋ ಒಂದು ಹಳೇ ಫೋರ್ ವೀಲ್ ಜೀಪು, ಅದರ ಡ್ರೈವರಿಗೆ ಟ್ರಿಪ್ಪಿಗೆ ಇಷ್ಟು ಅಂತ ಒಂದು ಫಂಡು, ಡಯಾಲಿಸಿಸ್‌ಗೆ ವಾರಕ್ಕೆ ಎರಡ್ಮೂರು ಸಲ ಹೋಗೋರಿಗೆ ಬಸ್ ಚಾರ್ಜು, ಇದೇ ಜಾಸ್ತಿ ಜೀವ ಉಳ್ಸತ್ತೆ ಅನ್ನೋದು ನನ್ನ ಅಂದಾಜು. ಬಸ್ ಚಾರ್ಜಿಗೆ ಯಾರೂ ಫ್ಲೆಕ್ಸ್ ಹಾಕ್ಸಲ್ಲ, ಅದೇ ತೊಂದ್ರೆ.

ಮನೆ ಕಟ್ಸೋದು ಬೇರೆ ಲೆವೆಲ್ಲು. 2018ರ ಆಗಸ್ಟಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಎಲ್ಲ ಜರಿದು ಹೋದಾಗ ಸರ್ಕಾರದ ಜೊತೆ ಇನ್ಫೋಸಿಸ್ ಫೌಂಡೇಶನ್ 25 ಕೋಟಿ ಅಂತ ಹೇಳಿ ಜಂಬೂರಲ್ಲಿ ಮನೆ ಕಟ್ಟಿಸ್ತು, ಅಂಥದ್ದು ದೊಡ್ಡ ಫೌಂಡೇಶನ್‌ಗಳಿಗೆ ಆಗೋ ಕೆಲಸ. ನಮ್ಮಂಥವರಿಗೆ ಆಗೋದು ರಿಪೇರಿ: ಸೋರೋ ಶೀಟು, ಹೊಗೆ ಹೋಗೋ ಒಲೆ, ಒಂದು ಕಿಟಕಿ, ಟಾಯ್ಲೆಟ್ಟು. ಇಲ್ಲೊಂದು ಖಾರದ ಮಾತು ಹೇಳ್ಬೇಕು, ಬೇಜಾರಾದ್ರೂ ಪರವಾಗಿಲ್ಲ. ಸ್ವಂತ ತೋಟದ ಲೈನ್‌ಮನೆ ಸೋರ್ತಿರೋವಾಗ ಊರಿಗೆ ವೆಂಟಿಲೇಟರ್ ದಾನ ಮಾಡೋರಿದಾರೆ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಪ್ರಕಾರ 5 ಹೆಕ್ಟೇರ್, ಅಂದ್ರೆ ಸುಮಾರು 12 ಎಕ್ರೆ, ಅಷ್ಟು ಇಲ್ಲಾ ಅದಕ್ಕಿಂತ ದೊಡ್ಡ ತೋಟದಲ್ಲಿ 15 ಜನ ಕೆಲಸಕ್ಕಿದ್ರೆ ವಾಸಕ್ಕೆ ಮನೆ, ವೈದ್ಯಕೀಯ ಸೌಲಭ್ಯ ಕೊಡೋದು ಮಾಲೀಕರ ಜವಾಬ್ದಾರಿ ಆಗಿತ್ತು, ಹೆಂಗಸರು 50 ಜನ ಇದ್ರೆ ಶಿಶುವಿಹಾರನೂ. ಅದೀಗ ಹೊಸ ಲೇಬರ್ ಕೋಡ್ ಒಳಗೆ ಸೇರ್ಕೊಂಡಿದೆ. ಕಂಪನಿ ತೋಟದವರು ತಮ್ಮ ಕೆಲಸಗಾರರಿಗಷ್ಟೇ ಮಾಡಿದ್ದನ್ನ ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜಕ್ಕೆ ಮಾಡ್ಬೇಕಾದ ಖರ್ಚು, ಅಂತ ತೋರ್ಸೋಕೂ ಬರಲ್ಲ. ಚಿಕ್ಕ ತೋಟದವರು ಕಾಯ್ದೆ ಹೊರಗೆ ಉಳೀತಾರೆ ನಿಜ, ಆದ್ರೆ ಅಲ್ಲಿನ ಮಕ್ಕಳಿಗೂ ಕೆಮ್ಮು ಅದೇ ಕೆಮ್ಮು, ಅಂಥ ಹತ್ತಾರು ಚಿಕ್ಕ ತೋಟದವರು ಸೇರಿ ಒಂದು ಎನ್‌ಜಿಓ ಮೂಲಕ ಒಲೆ, ಕಿಟಕಿ ಮಾಡ್ಸಿದ್ರೆ ಅದು ನಿಜವಾಗ್ಲೂ ದಾನ.

ಸಂಬಳಕ್ಕೆ ಕೊಡೋದು ಯಾಕೆ ಅಂದ್ರೆ

ಹಾಡಿಗೆ ಹೋಗಿ ಬಸುರಿ ಹೆಂಗಸಿಗೆ ರಕ್ತ ಕಮ್ಮಿ ಇದೆ ಕಬ್ಬಿಣದ ಮಾತ್ರೆ ತಗೋ ಅಂತ ನಾನು ನೀವು ಹೇಳಿದ್ರೆ ಆಯ್ತು ಅಂತ ತಲೆ ಅಲ್ಲಾಡ್ಸಿ ಮಾತ್ರೆನ ಸೂರಿಗೆ ಸಿಕ್ಕಿಸ್ತಾರೆ. ಅದೇ ಹಾಡಿಲಿ ಹುಟ್ಟಿ ಪಿಯುಸಿ ಓದಿರೋ ಹುಡುಗಿ ಯರವರ ರಾವುಲ ಭಾಷೇಲಿ, ಮಾತ್ರೆ ತಿಂದ್ರೆ ಹೊಟ್ಟೆ ತೊಳಸತ್ತೆ ಊಟ ಆದ್ಮೇಲೆ ತಗೋ ಅಂತ ಪಕ್ಕ ಕೂತು ಹೇಳಿದ್ರೆ ತಗೋತಾರೆ. ಸಿಕಲ್ ಸೆಲ್ ಅನ್ನೋ ವಂಶದಿಂದ ಬರೋ ರಕ್ತದ ಕಾಯಿಲೆ ಇದೆ ಅಂತ ರಿಪೋರ್ಟ್ ಬಂದ್ರೆ ಅದರರ್ಥ ಏನು, ಮಗುಗೆ ಜ್ವರ ಬಂದ್ರೆ ಯಾಕೆ ತಡ ಮಾಡ್ಬಾರದು ಅಂತ ಬಿಡಿಸಿ ಹೇಳೋಕೂ ಅವಳೇ ಬೇಕು, ಕುಡಿಯೋ ಗಂಡನ್ನ ಮಾತಾಡ್ಸಿ ಚಿಕಿತ್ಸೆಗೆ ಒಪ್ಸೋಕೂ ಅವಳೇ. ಈ ಹುಡುಗಿಯ ಸಂಬಳ ಯಾವ ದಾನಿಗೂ ಬೇಡ. ಕಂಪನಿಗಳ ಸಿಎಸ್‌ಆರ್ ದುಡ್ಡು ಬರತ್ತೆ, 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಖರ್ಚು ಮಾಡ್ಲೇಬೇಕು, ಆದ್ರೆ ಅವರಿಗೆ ಬೇಕಿರೋದು ಮಾರ್ಚ್ 31ಕ್ಕೆ ಮುಗಿಯೋ ಪ್ರಾಜೆಕ್ಟು, ಎಷ್ಟು ಜನರಿಗೆ ತಲುಪ್ತು ಅನ್ನೋ ನಂಬರ್ರು. ಏಪ್ರಿಲ್ ಬಂತು, ಮುಂದಿನ ಕಂತು ಬರೋದು ಆಗಸ್ಟಲ್ಲಿ, ಮಧ್ಯ ಹುಡುಗಿ ಕುಶಾಲನಗರದ ಬಟ್ಟೆ ಅಂಗಡಿಗೆ ಹೋದ್ಲು. ಅಲ್ಲಿಗೆ ಹಾಡಿಯ ನಂಬಿಕೆನೂ ಹೋಯ್ತು. ಕಾಯ್ದೆಲಿ ಕಂಪನಿ ಇರೋ ಜಾಗಕ್ಕೆ ಮೊದಲ ಆದ್ಯತೆ ಅಂತ ಬೇರೆ ಇದೆ, ಕೊಡಗಲ್ಲಿ ದೊಡ್ಡ ಫ್ಯಾಕ್ಟರಿ ಎಲ್ಲಿದೆ, ಹಾಗಾಗಿ ನಮ್ ಕಾಫಿ ಕುಡಿಯೋ ಬೆಂಗಳೂರಿಗೇ ದುಡ್ಡೂ ಹೋಗತ್ತೆ.

ಆ ಏಪ್ರಿಲ್‌ನಿಂದ ಆಗಸ್ಟ್ ತನಕದ ಹಳ್ಳ ತುಂಬೋದು ಚಿಕ್ಕ ದಾನಿಗಳ ಕೆಲಸ. ತಿಂಗಳು ತಿಂಗಳು, ಇಂಥದ್ದಕ್ಕೇ ಅಂತ ಕಟ್ಟುಪಾಡು ಹಾಕದೆ, ಎರಡು ಮೂರು ವರ್ಷ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ಟ ದುಡ್ಡಿಗೆ ಸಂಸ್ಥೆಯವರು ಕೊಡೋ ಬೆಲೆನೇ ಬೇರೆ. "ಅಡ್ಮಿನ್ ಖರ್ಚು ಎಷ್ಟು ಪರ್ಸೆಂಟ್" ಅಂತ ಕೇಳೋದು ಒಂದು ಫ್ಯಾಶನ್ ಆಗಿದೆ, ಕೇಳಿ, ಆದ್ರೆ ತೀರಾ ಕಮ್ಮಿ ಹೇಳಿದವರನ್ನ ತಲೆ ಮೇಲೆ ಕೂರಿಸ್ಕೋಬೇಡಿ, ಅಕೌಂಟೆಂಟ್ ಇಲ್ಲದ ಸಂಸ್ಥೆಲಿ ಲೆಕ್ಕ ಯಾರು ಬರೀತಾರೆ? ವಿದೇಶಿ ದೇಣಿಗೆ ತಗೊಳ್ಳೋರಿಗೆ 2020ರ ತಿದ್ದುಪಡಿಲಿ ಅಡ್ಮಿನ್ ಮಿತಿನ 50ರಿಂದ 20 ಪರ್ಸೆಂಟ್‌ಗೆ ಇಳ್ಸಿದಾರೆ, ಆ ದುಡ್ಡನ್ನ ದೊಡ್ಡ ಸಂಸ್ಥೆ ಇನ್ನೊಂದು ಚಿಕ್ಕ ಸಂಸ್ಥೆಗೆ ದಾಟ್ಸೋ ಹಾಗೂ ಇಲ್ಲ. ದುಬೈ ಅಮೆರಿಕದಲ್ಲಿರೋ ನಮ್ಮವರು ಇದನ್ನ ಗಮನಿಸಿ, ಭಾರತದ ಪಾಸ್‌ಪೋರ್ಟ್ ಇದ್ದು ಬ್ಯಾಂಕ್ ಮೂಲಕ ಕಳ್ಸಿದ್ರೆ ಅದು ವಿದೇಶಿ ದೇಣಿಗೆ ಆಗಲ್ಲ, ಪಾಸ್‌ಪೋರ್ಟ್ ಬದಲಾಗಿದ್ರೆ ಆಗತ್ತೆ, ಆಗ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ತಗೊಳ್ಳೋ ಅನುಮತಿ, ಇರೋ ಸಂಸ್ಥೆಗೇ ಕೊಡ್ಬೇಕು.

ಯಾರಿಗೆ ಕೊಡೋದು

ಇಲ್ಲೇ ಬೇರು ಬಿಟ್ಟಿರೋರು ಇದಾರೆ. ಟಾಟಾ ಕಾಫಿ ಕಡೆಯಿಂದ 1994ರಲ್ಲಿ ಶುರುವಾದ ಕೂರ್ಗ್ ಫೌಂಡೇಶನ್, ಅದೇ ಬಳಗದ ಬೆಂಬಲದಲ್ಲಿ ಸುಂಟಿಕೊಪ್ಪದಲ್ಲಿ ನಡೆಯೋ ಸ್ವಸ್ಥ ವಿಶೇಷ ಮಕ್ಕಳ ಶಾಲೆ, ಪಾಲಿಬೆಟ್ಟದ ಚೆಶೈರ್ ಹೋಮ್, ಅಮ್ಮತ್ತಿಯ ಆರ್‌ಐಎಚ್‌ಪಿ ಆಸ್ಪತ್ರೆ, ಪೊನ್ನಂಪೇಟೆ ರಾಮಕೃಷ್ಣ ಶಾರದಾಶ್ರಮದ ಆಸ್ಪತ್ರೆ. ಗಡಿ ದಾಟಿದ್ರೆ ಹೆಗ್ಗಡದೇವನಕೋಟೆ ಕಡೆ 1984ರಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಅವ್ರು ಜೇನುಕುರುಬರ ಮಧ್ಯೆ ಆಸ್ಪತ್ರೆ, ಶಾಲೆ ಎರಡೂ ಒಟ್ಟಿಗೆ ನಡೆಸಿದ್ದು ಯಾಕೆ ಅಂತ ಯೋಚ್ನೆ ಮಾಡಿದ್ರೆ ಈ ಇಡೀ ಲೇಖನ ಬೇಕಾಗಲ್ಲ. ಇವೆಲ್ಲ ಹೆಸರಿರೋವು, ಕಾಗದಪತ್ರ ಗಟ್ಟಿ. ಹಾಡಿ ಮಟ್ಟದಲ್ಲಿ ಮೂರ್ನಾಲ್ಕು ಜನ ಸೇರಿ ಓಡಾಡೋ ಚಿಕ್ಕ ಸಂಸ್ಥೆಗಳು ಅದಕ್ಕಿಂತ ಕಮ್ಮಿ ದುಡ್ಡಲ್ಲಿ ಜಾಸ್ತಿ ಕೆಲಸ ಮಾಡ್ತಾರೆ, ಆದ್ರೆ ವರದಿ ಬರೆಯೋಕೆ ಬರಲ್ಲ. ನನ್ನನ್ನ ಕೇಳಿದ್ರೆ ಒಬ್ಬರೇ ಕೊಡೋದಾದ್ರೆ ಹೆಸರಿರೋ ಕಡೆ ಕೊಡಿ, ಹತ್ತು ಜನ ಸೇರಿ ಕೊಡೋದಾದ್ರೆ ಚಿಕ್ಕವರಿಗೆ ಕೊಡಿ, ಯಾಕಂದ್ರೆ ಹತ್ತು ಜನರಲ್ಲಿ ಒಬ್ಬರಾದ್ರೂ ಮೂರು ತಿಂಗಳಿಗೊಮ್ಮೆ ಹೋಗಿ ನೋಡ್ಕೊಂಡು ಬರ್ತೀರ. ಒಟ್ಟು ಸೇರೋದು ನಮಗೆ ಹೇಳ್ಕೊಡ್ಬೇಕಾ? 1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳು ಒಂದೊಂದು ಟೀಮ್ ಆಗಿ ಆಡೋ ಕುಟುಂಬ ಹಾಕಿನ 2024ರಲ್ಲಿ ನಾಪೋಕ್ಲುಲಿ 360 ಟೀಮ್ ಸೇರ್ಸಿ ಆಡ್ಸಿದ ಜನ ನಾವು, ಒಂದೊಂದು ಒಕ್ಕದವರು, ಅಂದ್ರೆ ಒಂದೊಂದು ಮನೆತನದವರು, ಒಂದು ಹಾಡಿಯ ಒಬ್ಬ ಆರೋಗ್ಯ ಕಾರ್ಯಕರ್ತೆ ಸಂಬಳ ಹೊತ್ಕೊಳ್ಳೋದು ದೊಡ್ಡ ಮಾತಲ್ಲ. ಕೊಡವ ಸಮಾಜ, ಗೌಡ ಸಮಾಜ, ಮಸೀದಿ ಕಮಿಟಿ, ಚರ್ಚು, ಯಾರಾದ್ರೂ ಸರಿ.

ದಾಖಲೆ ವಿಷಯ ಬೇಗ ಮುಗಿಸ್ತೀನಿ. ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇದ್ಯಾ ನೋಡಿ, 80ಜಿಲಿ ಸಾಮಾನ್ಯವಾಗಿ ಕೊಟ್ಟಿದ್ರ ಅರ್ಧಕ್ಕೆ ವಿನಾಯ್ತಿ, ಆದಾಯದ 10 ಪರ್ಸೆಂಟ್ ಮಿತಿಗೆ ಒಳಪಟ್ಟು, ಅದೂ ಹಳೇ ತೆರಿಗೆ ಪದ್ಧತಿಲಿರೋರಿಗೆ ಮಾತ್ರ. ಕ್ಯಾಶಲ್ಲಿ 2,000 ದಾಟಿದ್ರೆ ಇಲ್ಲ. ವರ್ಷದ ಕೊನೇಲಿ ಸಂಸ್ಥೆಯಿಂದ ದಾನ ಕೊಟ್ಟಿದ್ದಕ್ಕೆ 10ಬಿಇ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಹೊಸ ಆದಾಯ ತೆರಿಗೆ ಕಾಯ್ದೆಲಿ ಸೆಕ್ಷನ್ ಫಾರಂ ನಂಬರೆಲ್ಲ ಬದಲಾಗಿರೋದ್ರಿಂದ ಆಡಿಟರ್‌ನ ಒಂದ್ಸಲ ಕೇಳ್ಬಿಡಿ. ಕಾಫಿ ಆದಾಯ ಕೃಷಿ ಆದಾಯ ಆಗಿರೋ ಬೆಳೆಗಾರರಿಗೆ ಈ ವಿನಾಯ್ತಿಯಿಂದ ಅಷ್ಟೇನೂ ಸಿಗಲ್ಲ, ಅದು ಸಂಬಳದವರಿಗೆ. ಕಂಪನಿ ದುಡ್ಡು ತರ್ಸೋ ಆಸೆ ಇದ್ರೆ ಸಂಸ್ಥೆ ಸಿಎಸ್‌ಆರ್-1 ಫಾರಂ ಹಾಕಿರ್ಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಇನ್ನು ಎಷ್ಟು ದುಡ್ಡಿಗೆ ಏನು ಅಂತ. ತಿಂಗಳಿಗೆ ಸಾವಿರ ಎರಡು ಸಾವಿರ ಆದ್ರೆ ಟಿಬಿ ಮನೆಗೆ ರೇಷನ್, ಬೇರೆ ಯೋಚ್ನೆನೇ ಬೇಡ. ವರ್ಷಕ್ಕೆ ಲಕ್ಷ ಒಂದೂವರೆ ಲಕ್ಷ ಅಂದ್ರೆ ಸೇರ್ಕೊಂಡು ಒಬ್ಬ ಕಾರ್ಯಕರ್ತೆ ಇಲ್ಲಾ ಜೀಪಿನ ಫಂಡು. ಹತ್ತು ಲಕ್ಷದ ಮೇಲೆ ಅಂದ್ರೆ ಒಂದು ಸಂಸ್ಥೆಗೆ ಮೂರು ವರ್ಷಕ್ಕೆ ಹಂಚಿ, ಅರ್ಧ ಕೆಲಸಕ್ಕೆ, ಅರ್ಧ ಅವರಿಷ್ಟಕ್ಕೆ ಬಿಡಿ. ಯಾವುದೇ ಆಗಲಿ ಕೊಡೋ ಮುಂಚೆ ಆ ಸಂಸ್ಥೆಯವರಿಗೆ, ಕಳೆದ ವರ್ಷ ದುಡ್ಡಿಲ್ಲದೆ ಯಾವ ಕೆಲಸ ನಿಲ್ಸಿದ್ರಿ ಅಂತ ಕೇಳಿ, ಉತ್ತರ ಏನ್ ಬರತ್ತೋ ಅದಕ್ಕೇ ಕೊಡಿ. ಮಾರ್ಚ್ ಕೊನೆ ವಾರದಲ್ಲಿ ಟ್ಯಾಕ್ಸ್‌ಗೋಸ್ಕರ ಅರ್ಜೆಂಟಲ್ಲಿ ಕಳ್ಸೋದನ್ನ ಬಿಟ್ಟು ಕೊಯ್ಲಿನ ದುಡ್ಡು ಕೈಗೆ ಬಂದ್ಮೇಲೆ ಏಪ್ರಿಲ್ ಮೇ ತಿಂಗಳಲ್ಲೇ ಕೊಟ್ರೆ ಶೀಟು, ಅಕ್ಕಿ, ಡೀಸೆಲ್ ಎಲ್ಲ ಜೂನ್ ಮಳೆಗೆ ಮುಂಚೆ ಹಾಡಿ ಸೇರಿರತ್ತೆ.